ಇಲಿಗಳ ಪಂಕ್ತಿಯಲ್ಲಿ ಭೇದ

ಇಬ್ಬರು ಬಲ್ಲವರು ಒಂದು ಕುರ್ಚಿಗಾಗಿ ಜಗಳವಾಡಿದರೆ ಅದು ಕೊನೆಗೆ ಏನೂ ತಿಳಿಯದ ಮೂರನೆಯವನಿಗೆ ಹೋಗುತ್ತದೆ. ಇದು ಎಲ್ಲ ಕಚೇರಿಗಳಲ್ಲೂ ನಡೆದುಬಂದ ಪದ್ಧತಿ. ನಾನು ಆ ಮೂರನೆಯವನು. ಹೊಸಪೇಟೆಯ ನಮ್ಮ ಚಿಕ್ಕ ವಿಶ್ವವಿದ್ಯಾಲಯ ಪಾಠ, ಪರೀಕ್ಷೆ, ಫಲಿತಾಂಶ ಎಂದು ತನ್ನ ಪಾಡಿಗೆ ತಾನಿತ್ತು. ಅಂಥದ್ದಕ್ಕೆ ಒಮ್ಮೆ ವೈದ್ಯಕೀಯ ಸಂಶೋಧನೆಯ ಅನುದಾನ ಬಂದುಬಿಟ್ಟಿತು. ಅದರ ಸಂಯೋಜಕರಾಗಲು ಪ್ರಾಣಿಶಾಸ್ತ್ರದ ಮುಖ್ಯಸ್ಥರಿಗೂ ಜೀವರಸಾಯನದ ಮುಖ್ಯಸ್ಥರಿಗೂ ಪೈಪೋಟಿ ಬಿತ್ತು. ಒಬ್ಬರ ಕೈಕೆಳಗೆ ಇನ್ನೊಬ್ಬರು ಕೆಲಸ ಮಾಡುವುದಿಲ್ಲವೆಂದು ಹಟ ಹಿಡಿದಾಗ ಕುಲಪತಿಗಳು ಸುತ್ತ ಕಣ್ಣಾಡಿಸಿ, ಇತಿಹಾಸ ಪಾಠ ಹೇಳುವ ನನ್ನನ್ನು ಆರಿಸಿದರು. "ನಿಮಗ ಇದರ ಗಂಧಗಾಳಿ ಇಲ್ಲ. ಅದಕ್ಕ ನೀವು ಯಾರ ಪಕ್ಷಾನೂ ವಹಿಸಂಗಿಲ್ಲ" ಎಂದರು. ಅದುವರೆಗೆ ನಾನು ನಡೆಸಿದ ದೊಡ್ಡ ಪ್ರಯೋಗವೆಂದರೆ ಐವತ್ತು ವಿದ್ಯಾರ್ಥಿಗಳನ್ನು ಹಂಪಿ ಬಜಾರಿಗೆ ಕರೆದೊಯ್ದು ಐವತ್ತೂ ಜನರನ್ನು ವಾಪಸು ತರುವುದು. ಅದರಲ್ಲೂ ಒಂದು ಸಲ ಇಬ್ಬರು ಕಡಿಮೆ ಬಿದ್ದಿದ್ದರು.

ಆಡಳಿತವೆಂದರೆ ಮುಖ್ಯವಾಗಿ ಸಹಿ ಎಂದು ಮೊದಲ ವಾರದಲ್ಲೇ ತಿಳಿಯಿತು. ಬರುವ ಕಾಗದಗಳು ನನಗೆ ಅರ್ಥವಾಗುತ್ತಿರಲಿಲ್ಲ. ಹಾಗೆಂದು ತಟ್ಟನೆ ಸಹಿ ಹಾಕಿದರೆ ಮರ್ಯಾದೆ ಉಳಿಯುವುದಿಲ್ಲ. ಹುಬ್ಬು ಗಂಟಿಕ್ಕಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ನಿಟ್ಟುಸಿರು ಬಿಟ್ಟು ಸಹಿ ಮಾಡುತ್ತಿದ್ದೆ. ಎದುರಿಗಿದ್ದವರು ನಾನು ಒಲ್ಲದ ಮನಸ್ಸಿನಿಂದ ಒಪ್ಪಿದೆನೆಂದು ಭಾವಿಸಿ ಕೃತಜ್ಞತೆಯಿಂದ ಹೋಗುತ್ತಿದ್ದರು. ಈ ಕಲೆಯನ್ನು ಪತ್ತೆ ಹಚ್ಚಿದವಳು ನನ್ನ ಹೆಂಡತಿ ಒಬ್ಬಳೇ. ಮನೆಯ ದಿನಸಿ ಚೀಟಿಯ ಮುಂದೆಯೂ ನಾನು ಹೀಗೇ ಮಾಡುತ್ತೇನಂತೆ.

ಇಡೀ ಯೋಜನೆಯ ಜೀವವೆಂದರೆ ಶೈಲಾ ಮೇಡಂ. ಕಂಪ್ಲಿಯವರು, ಜೀವರಸಾಯನದ ಕಿರಿಯ ಅಧ್ಯಾಪಕಿ. ದಿನವಿಡೀ ಪಾಠ ಮಾಡಿ ಗಂಟಲು ಕಟ್ಟಿದ ಮೇಲೂ ಪ್ರಯೋಗಾಲಯಕ್ಕೆ ಓಡುವವರು. ಚೋರನೂರಿನ ಕಡೆ ಕೀಲುನೋವಿಗೆ ಅರೆದು ಕೊಡುವ ಒಂದು ಬೇರು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂಬುದು ಅವರ ಪ್ರಶ್ನೆ. ಕಾಲು ಊದಿದ ಬಿಳಿ ಇಲಿಗಳು ಎರಡು ಸಾಲು. ಒಂದು ಸಾಲಿಗೆ ಜೋಳದ ಹಿಟ್ಟಿನ ಸಣ್ಣ ಉಂಡೆಯೊಳಗೆ ಬೇರಿನ ಪುಡಿ, ಇನ್ನೊಂದು ಸಾಲಿಗೆ ಮಾಮೂಲಿ ಕಾಳು ಅಷ್ಟೇ. ಮದ್ದು ತಿಂದವುಗಳ ಬಾವು ಇಳಿದು, ತಿನ್ನದವುಗಳದು ಹಾಗೇ ಉಳಿದರೆ ಬೇರು ಗೆದ್ದಂತೆ. ಪರಿಶೀಲನಾ ಸಮಿತಿ ಬರುವುದರೊಳಗೆ ಇದನ್ನು ತೋರಿಸದಿದ್ದರೆ ಅನುದಾನ ನಿಂತು, ಶೈಲಾ ಅವರ ಪ್ರಯೋಗಾಲಯಕ್ಕೆ ಬೀಗ ಬೀಳುತ್ತಿತ್ತು.

ಸಮಿತಿ ಬರಲು ನಾಲ್ಕು ದಿನವಿರುವಾಗ ಶೈಲಾ ನನ್ನ ಕೋಣೆಗೆ ಬಂದು ಕುಳಿತರು. "ಎರಡೂ ಸಾಲಿನ ಬಾವು ಇಳದೈತ್ರಿ ಸರ್. ತಾನಾಗೇ ಇಳಿಯೋದಿತ್ತು ಅನ್ನಸ್ತದ. ಮದ್ದಿನಿಂದ ಏನೂ ಆಗಿಲ್ಲ" ಎಂದರು. ಅಷ್ಟು ಹೇಳುವುದರೊಳಗೆ ಕಣ್ಣು ತುಂಬಿತ್ತು. ನನಗೆ ನಿಜವಾಗಿಯೂ ಸಂಕಟವಾಯಿತು. ಸಂಕಟದ ಹೊತ್ತಿಗೆ ಸಹಿ ಹಾಕಲು ಏನೂ ಇಲ್ಲದಿದ್ದರೆ ಆಡಳಿತಗಾರ ತಪಾಸಣೆಗೆ ಹೊರಡುತ್ತಾನೆ. ನಾನೂ ಅಂದು ಮೊದಲ ಬಾರಿಗೆ ಇಲಿಗಳ ಕೋಣೆಗೆ ಹೋದೆ.

ಅಲ್ಲಿ ಇಲಿಗಳನ್ನು ನೋಡಿಕೊಳ್ಳುವವಳು ಹುಲಿಗೆಮ್ಮ, ದರೋಜಿಯಿಂದ ದಿನಾ ಬಸ್ಸಿಗೆ ಬರುವ ಹೆಂಗಸು. ತಾನೇ ಕಟ್ಟಿದ ಮದ್ದಿನ ಉಂಡೆ ಹಂಚುತ್ತಿದ್ದಳು. ಮೊದಲು ಈ ಸಾಲಿಗೆ, ಆಮೇಲೆ ಯಾವ ಅಳುಕೂ ಇಲ್ಲದೆ ಆ ಸಾಲಿಗೆ.

"ಅವಕ್ಕೂ ಕೊಡ್ತೀಯೇನವ್ವ?"

"ಕೊಡದಂಗ ಹೆಂಗ್ರೀ ಸರ? ಅವಕ್ಕೂ ಕಾಲು ಬಾತಿದ್ವು. ಒಂದ ಪಂಕ್ತ್ಯಾಗ ಕುಂತವ್ರಿಗೆ ಒಬ್ಬರಿಗೆ ನೀಡಿ ಒಬ್ಬರಿಗೆ ಬಿಡ್ತಾರೇನ್ರಿ? ನಮ್ಮೂರಾಗ ಗುಡ್ಡದ ಕರಡಿಗೂ ಬಂಡಿಗಲ್ಲಿಗೆ ಬೆಲ್ಲ ಬಳದು ಇಡ್ತಾರ. ಈ ಕರಡಿಗೈತಿ, ಆ ಕರಡಿಗಿಲ್ಲ ಅಂತ ಯಾರೂ ಬೋರ್ಡ್ ಹಾಕಿಲ್ಲ."

ಪಂಕ್ತಿಭೇದ ಮಾಡಬಾರದೆಂದು ನನ್ನಜ್ಜಿಯೂ ಹೇಳುತ್ತಿದ್ದಳು. ಇಲಿಗಳಿಗೂ ಇದು ಅನ್ವಯಿಸುತ್ತದೆಯೇ ಎಂದು ಅವಳನ್ನು ಕೇಳುವ ಪ್ರಸಂಗ ಬಂದಿರಲಿಲ್ಲ. ಆದರೆ ಶೈಲಾ ಅವರ ಮುಖ ನೆನಪಾಗಿ ರೇಗಿತು. "ಯಾರನ್ನ ಕೇಳಿ ಮಾಡಿದಿ?" ಎಂದು ಗದರಿದೆ.

"ನಿಮ್ಮನ್ನ ಕೇಳೇ ಮಾಡೀನ್ರಿ" ಎಂದು ಅವಳು ಗೋಡೆಯ ಮೊಳೆಗೆ ಚುಚ್ಚಿದ್ದ ಕಾಗದಗಳಿಂದ ಒಂದನ್ನು ತೆಗೆದುಕೊಟ್ಟಳು. 'ಪುಡಿ ಒಂದು ಸಾಲಿಗೆ ಮಾತ್ರ ಆಗುತ್ತದೆ. ಎರಡೂ ಸಾಲಿಗೆ ಕೊಡಲು ಇನ್ನಷ್ಟು ಬೇಕು' ಎಂದು ದುಂಡಗೆ ಬರೆದ ಅಚ್ಚ ಕನ್ನಡ. ಕೆಳಗೆ ಹಸಿರು ಶಾಯಿಯ ನನ್ನ ಸಹಿ. ಅದನ್ನು ನೋಡಿ ಸ್ಟೋರಿನವರು ಪುಡಿ ಕೊಟ್ಟಿದ್ದರು. "ನೀವು ಚಸ್ಮಾ ವರಸ್ಕೊಂಡು ಭಾಳ ಹೊತ್ತು ಓದಿದ್ರಲ್ರೀ" ಎಂದು ಹುಲಿಗೆಮ್ಮ ನೆನಪಿಸಿದಳು.

ಹೋಗಿ ಶೈಲಾ ಅವರಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದರೆ ಅವರು ದಡಕ್ಕನೆ ಎದ್ದುನಿಂತರು. "ಹಂಗಾದ್ರ ಮದ್ದು ಕೆಲಸ ಮಾಡಿರಬಹುದಲ್ರಿ ಸರ್" ಎಂದರು. ಮರುಕ್ಷಣವೇ "ಆದ್ರ ತೋರಿಸೋದು ಹೆಂಗ?" ಎಂದು ಮತ್ತೆ ಕುಳಿತರು.

ಹೇಳಿದ ದಿನಕ್ಕೆ ಸಮಿತಿ ಬಂತು. ಅದರ ಅಧ್ಯಕ್ಷೆ ಕಡಿಮೆ ಮಾತಿನ ಹಿರಿಯ ವೈದ್ಯೆ. ನನ್ನ ಸಹಿಯ ಕಥೆಯನ್ನು ನಗದೆ ಕೇಳಿದರು. "ಅದಿರಲಿ, ಮದ್ದಿಲ್ಲದ ಸಾಲಿಗೆ ಏನು ಕೊಡಬೇಕೆಂದಿತ್ತು?" ಎಂದರು. ಬರೀ ಕಾಳು ಎಂದೆ. "ಉಂಡೆ ಇಲ್ಲವೇ? ಜೋಳದ ಉಂಡೆ ತಿಂದದ್ದಕ್ಕೇ ಬಾವು ಇಳಿದಿಲ್ಲವೆಂದು ಹೇಗೆ ಹೇಳುತ್ತೀರಿ? ಎರಡೂ ಸಾಲಿಗೆ ಉಂಡೆ ಬೇಕು, ಒಂದರಲ್ಲಿ ಮದ್ದು, ಒಂದು ಖಾಲಿ. ಆ ಹೆಂಗಸಿಗೆ ಹೊಳೆದದ್ದರಲ್ಲಿ ಅರ್ಧವಾದರೂ ನಿಮಗೆ ಹೊಳೆಯಬಾರದೇ? ಖಾಲಿ ಉಂಡೆ ಬೇಡವೆಂದವರು ಯಾರು?"

ಶೈಲಾ ಮೇಜನ್ನೇ ನೋಡುತ್ತಿದ್ದರು. ಎರಡೂ ಸಾಲಿಗೆ ಉಂಡೆ ಎಂದೇ ಅವರು ಮೊದಲು ಬರೆದಿದ್ದರು. ಆ ಕಾಗದದಲ್ಲಿ ನನಗೆ ಅರ್ಥವಾದದ್ದು ಜೋಳದ ಹಿಟ್ಟು ಒಂದೇ. ಅರ್ಥವಾದ ಸಂತೋಷಕ್ಕೆ ಅದರ ಮೇಲೇ ಅಧಿಕಾರ ಚಲಾಯಿಸಿ, ಮದ್ದಿಲ್ಲದ ಮೇಲೆ ಉಂಡೆ ಯಾಕೆ, ದಂಡ ಎಂದು ಗೀಟು ಎಳೆದಿದ್ದೆ. ಓದದೆ ಹಾಕಿದ ಸಹಿ ಒಂದು ಅನಾಹುತ ಮಾಡಿದ್ದರೆ, ಓದಿ ಹಾಕಿದ್ದು ಅದಕ್ಕಿಂತ ದೊಡ್ಡದನ್ನು ಮಾಡಿತ್ತು. ಆ ಹುಡುಗಿ ನನ್ನ ಮಾನ ಕಾಯಲು ಸುಮ್ಮನಿದ್ದಾಳೆಂದು ತಿಳಿದಾಗ ಬಹಳ ನಾಚಿಕೆಯಾಯಿತು. "ನಾನೇ" ಎಂದೆ. ಅಧ್ಯಕ್ಷೆ ನನ್ನನ್ನೊಮ್ಮೆ ಪೂರ್ತಿಯಾಗಿ ನೋಡಿ, ಶೈಲಾ ಅವರಿಗೆ ಇನ್ನೊಂದು ಸುತ್ತಿನ ಅವಕಾಶ ಬರೆದುಕೊಟ್ಟರು.

ಹೊಸ ಇಲಿಗಳು ಬಂದವು. ಈ ಸಲ ಶೈಲಾ ಅವರೇ ಎರಡು ಬಗೆಯ ಉಂಡೆ ಕಟ್ಟಿ ಕೊಡುತ್ತಿದ್ದರು. ಯಾವುದು ಯಾವುದೆಂದು ಹುಲಿಗೆಮ್ಮನಿಗೆ ಹೇಳಲಿಲ್ಲ. ಎಲ್ಲರಿಗೂ ಸಿಗುತ್ತಿದೆಯೆಂದು ಅವಳಿಗೆ ಸಮಾಧಾನ. ಒಂದು ದಿನ ನಾನು ಖಾಲಿ ಉಂಡೆಯೊಂದನ್ನು ಕೈಯಲ್ಲಿ ಹಿಡಿದು, ಇದರಿಂದ ಆಗುವುದಾದರೂ ಏನು ಎಂದು ಶೈಲಾ ಅವರನ್ನು ಕೇಳಿದೆ.

"ಅದು ಏನೂ ಮಾಡಬಾರದ್ರಿ ಸರ್" ಎಂದರು ಅವರು, ಅತ್ಯಂತ ಗೌರವದಿಂದ. "ಉಳಿದವುಗಳ ಜೋಡಿ ಹಂಗಽ ಕಾಣಬೇಕು, ಸುಮ್ನ ಇರಬೇಕು, ಅಷ್ಟ. ಅದು ಏನರ ಮಾಡಾಕ ಹೋತು ಅಂದ್ರ ಪ್ರಯೋಗ ಕೆಡ್ತೈತಿ."

ಸಂಯೋಜಕನ ಕರ್ತವ್ಯವೇನೆಂದು ಅದುವರೆಗೆ ನನಗೆ ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಆ ಸುತ್ತು ಮುಗಿಯುವವರೆಗೆ ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ಫಲಿತಾಂಶ ಬಹಳ ಚೆನ್ನಾಗಿ ಬಂತು.