ಕುಂಕುಮವಿಟ್ಟ ರೇಡಿಯೊ

"ನೋಡೇ ಸರ್ವಮಂಗಳಾ! ಹಳೇದನ್ನ ಹೊಸದು ಮಾಡೋ ಯಂತ್ರ! ಭಾನುವಾರದ ಹಳೇ ವಸ್ತುಗಳ ಪ್ರದರ್ಶನದಲ್ಲಿ ನಮ್ಮ ಸಾಮಾನೆಲ್ಲ ಫಳಫಳ!" ಎಂದು ಪಂಚಾಕ್ಷರಿಯವರು ಹಜಾರದಲ್ಲಿ ಎದೆಯುಬ್ಬಿಸಿ ನಿಂತರು. ಹೇರ್ ಡ್ರೈಯರ್‌ಗೆ ತಂತಿ ಸುತ್ತಿ, ಮೇಲೆ ಕುಕ್ಕರಿನ ಮುಚ್ಚಳ ತೊಡಿಸಿದ್ದರು.

"ಅದು ನನ್ನ ಮುಚ್ಚಳ ಅಲ್ವೇನ್ರೀ?"

"ವಿಜ್ಞಾನಕ್ಕೋಸ್ಕರ ಇಷ್ಟೂ ಬಿಟ್ಕೊಡಲ್ವಾ?"

ಮೈಸೂರಿನ ಆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಲಿ ಸೋಡಾ ಬಾಟಲಿ, ತಗಡಿನ ಬಿಸ್ಕತ್ತು ಡಬ್ಬಿ, ಬೆಂಕಿಪೊಟ್ಟಣದ ಚಿತ್ರ ಅಂತ ಈ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು ಕಂಡಕಂಡದ್ದನ್ನೆಲ್ಲ ಕೂಡಿಹಾಕಿದ್ದರು. ಸರ್ವಮಂಗಳಮ್ಮನದು ಅಂತ ಇದ್ದದ್ದು ಒಂದೇ, ತೀರಿಹೋದ ಅಪ್ಪನ ಮರದ ರೇಡಿಯೊ. ಅದು ದನಿ ಎತ್ತಿ ಎಷ್ಟೋ ಕಾಲವಾಗಿತ್ತು. ಆದರೆ ವರ್ಷವರ್ಷ ಆಯುಧಪೂಜೆಗೆ ಅಪ್ಪ ಇಟ್ಟ ಕುಂಕುಮ ಅದರ ಹಣೆಯ ಮೇಲೆ ಮರಕ್ಕೇ ಇಳಿದಿತ್ತು. ಧೂಳು ಒರೆಸುವಾಗ ಆಕೆ ಆ ಕಲೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ.

"ನನ್ನ ರೇಡಿಯೊ ತಂಟೆಗೆ ಬಂದ್ರೆ ಜೋಕೆ!"

ಪಂಚಾಕ್ಷರಿಯವರು ಬಿಸ್ಕತ್ತು ಡಬ್ಬಿಗೆ ಗುರಿಯಿಟ್ಟು ಸ್ವಿಚ್ ಒತ್ತಿದರು. ತುಕ್ಕು ಮಾಯ! ಮೇಷ್ಟ್ರು ಕುಣಿದಾಡಿದರು. ಡಬ್ಬಿ ಅಷ್ಟಕ್ಕೇ ನಿಲ್ಲಲಿಲ್ಲ. ಇನ್ನೂ ಹೊಸದಾಯಿತು, ಮತ್ತೂ ಹೊಸದಾಯಿತು, ಕಡೆಗೆ ಬಿಚ್ಚಿಕೊಂಡು ಬರೀ ತಗಡಾಗಿ ಬಿತ್ತು. ಪಕ್ಕದ ಸೋಡಾ ಬಾಟಲಿ ಹಿಡಿ ಮರಳಾಯಿತು.

"ನಿಲ್ಸ್ರೀ!"

"ಹೆಂಗೇ ನಿಲ್ಸಲಿ! ಸ್ವಿಚ್ಚೂ ನನ್ನ ಸಂಗ್ರಹದ್ದೇ, ಹಳೇ ಪಿಂಗಾಣಿದು! ಅದೂ ಜೇಡಿಮಣ್ಣಾಯ್ತು!"

ಯಂತ್ರ ಅವರ ಕೈತಪ್ಪಿ ಗಿರಗಿರನೆ ತಿರುಗಿ ರೇಡಿಯೊದತ್ತ ಮುಖಮಾಡಿತು. ಸರ್ವಮಂಗಳಮ್ಮ ಓಡಿಹೋಗಿ ಪ್ಲಗ್ ಕಿತ್ತರು. ಅಷ್ಟರಲ್ಲಿ ಕುಂಕುಮ ಅಳಿಸಿಹೋಗಿತ್ತು, ಪೆಟ್ಟಿಗೆ ಮಾಯವಾಗಿತ್ತು. ರೇಡಿಯೊ ಇದ್ದ ಜಾಗದಲ್ಲಿ ಎರಡೆಲೆಯ ತೇಗದ ಸಸಿ!

ಆಕೆ ಅತ್ತೇಬಿಟ್ಟರು. "ಅಪ್ಪನ ಕೈಗುರುತು ಅಂತ ಅದೊಂದೇ ಇತ್ತಲ್ರೀ..."

ಪಂಚಾಕ್ಷರಿಯವರು ತಾವೇ ಹಿತ್ತಲಲ್ಲಿ ಗುಂಡಿ ತೋಡಿ ಸಸಿ ನೆಟ್ಟರು.

ಆಯುಧಪೂಜೆ ಬಂತು. ಸರ್ವಮಂಗಳಮ್ಮ ಅಪ್ಪನ ಹಾಗೆಯೇ ಬೆರಳೊತ್ತಿ ಸಸಿಗೆ ಕುಂಕುಮ ಇಟ್ಟರು. ಎಲೆಗಳ ಸಂದಿಯಿಂದ 'ಕರ್ರ್... ಕೊಂಯ್...' ಎಂದು ಸದ್ದು! ಅಪ್ಪ ರೇಡಿಯೊದ ಕಿವಿ ತಿರುವುತ್ತ ನಿಲಯ ಹುಡುಕುವಾಗ ಬರುತ್ತಿದ್ದ ಅದೇ ಸದ್ದು.

ಮೇಷ್ಟ್ರು ಸ್ಕ್ರೂಡ್ರೈವರ್ ಹಿಡಿದು ಓಡಿಬಂದರು. "ಸರಿಮಾಡ್ಲೇನೇ?"

"ಮುಟ್ಟಿದ್ರೆ ನೋಡಿ!" ಆಕೆ ಕಣ್ಣೊರೆಸಿಕೊಂಡು ಅವರ ಕೈಗೆ ತಂಬಿಗೆ ಕೊಟ್ಟರು. "ದಿನಾ ನೀರು ಹಾಕಿ, ಸಾಕು. ಇನ್ನೂ ಮಗು ಅದು. ದೊಡ್ಡದಾದ್ಮೇಲೆ ವಾರ್ತೆ ಓದುತ್ತೆ."