ರುದ್ರಿ ಬಲಸುತ್ತು ಬಂದದ್ದು

ರುದ್ರಿಯನ್ನು ನಾನು ಮೊದಲು ನೋಡಿದ್ದು ಅವಳಿಗೆ ಐದು ತಿಂಗಳು ತುಂಬಿದ ಮೂರನೆಯ ದಿನ. ಸೊಸೆ ಗುರುಶಾಂತಮ್ಮ ಬಾಣಂತನ ಮುಗಿಸಿಕೊಂಡು ಹಾರನಹಳ್ಳಿಯ ತವರಿನಿಂದ ಹುಣಸೂರಿಗೆ ಬಂದು ಗಾಡಿ ಇಳಿದಳು. ನಾನು ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದೆ. ನಮ್ಮ ಯಜಮಾನರು ಆಗ ಇದ್ದರು. ಮೊಮ್ಮಗಳು ಬರುತ್ತಾಳೆಂದು ಹೊಸ ರುಮಾಲು ಸುತ್ತಿಕೊಂಡು ನನ್ನ ಪಕ್ಕದಲ್ಲಿ ನಿಂತಿದ್ದರು. ಕೂಸು ನಮ್ಮಿಬ್ಬರನ್ನೂ ಒಂದು ಗಳಿಗೆ ನೋಡಿತು. ಆಮೇಲೆ ಕೈಯಲ್ಲಿದ್ದ ಮರದ ಗಿಲಕಿಯನ್ನು ಬೀಸಿ ಒಗೆಯಿತು. ರುಮಾಲು ಹಾರಿ ಹೋಗಿ ಹಸುವಿನ ಗೊಂತಿಗೆ ಬಿತ್ತು. (ಆಮೇಲೆ ಅಳೆದು ನೋಡಿದೆ. ಏಳು ಮೊಳ.)

"ಗುರಿ ಚೆನ್ನಾಗದೆ," ಅಂದರು ಯಜಮಾನರು, ಬೋಳು ತಲೆ ಸವರಿಕೊಂಡು.

ನಮ್ಮತ್ತೆಯ ಹೆಸರನ್ನೇ ಇಟ್ಟಿದ್ದೆವು, ಶಿವರುದ್ರಮ್ಮ ಅಂತ. ಅತ್ತೆಯವರ ಕೈಯೂ ಹಾಗೇ ಬೀಸುತ್ತಿತ್ತು. ವ್ಯತ್ಯಾಸ ಏನೆಂದರೆ ಅವರ ಗುರಿ ಯಾವಾಗಲೂ ನಾನೇ.

ರುದ್ರಿಗೆ ಏಳು ವರ್ಷವಾದಾಗಿನಿಂದ ದಿನಾ ಬೆಳಿಗ್ಗೆ ನನ್ನ ಎದುರಿಗೆ ಕೂತು ರಾಗಿ ಬೀಸುತ್ತಿದ್ದಳು. ಕಲ್ಲಿನ ಗೂಟಕ್ಕೆ ನನ್ನದೊಂದು ಕೈ, ಅವಳದೊಂದು ಕೈ. ಬೀಸುತ್ತಾ ಬೀಸುತ್ತಾ ಪ್ರಶ್ನೆ ಕೇಳುತ್ತಿದ್ದಳು. ಮೀನಿಗೆ ಬಾಯಾರಿಕೆ ಆಗುತ್ತಾ, ಅಮಲ್ದಾರರು ಮನೆಯಲ್ಲಿ ಹೆಂಡತಿಗೂ ಹುಕುಂ ಹೊರಡಿಸುತ್ತಾರಾ, ಈ ತರಹ. ಎರಡು ಸೇರು ರಾಗಿಗೆ ಸುಮಾರು ನಲವತ್ತು ಪ್ರಶ್ನೆ. ನಾನು ಒಂದಕ್ಕೂ ಬೇಸರ ಪಟ್ಟುಕೊಂಡವಳಲ್ಲ. ಗೊತ್ತಿದ್ದರೆ ಗೊತ್ತು ಅನ್ನುತ್ತಿದ್ದೆ, ಇಲ್ಲದಿದ್ದರೂ ಗೊತ್ತು ಅನ್ನುತ್ತಿದ್ದೆ.

ಅವಳಿಗೆ ಹನ್ನೊಂದು ತುಂಬಿದ ವರ್ಷ ಹೆಣ್ಣುಮಕ್ಕಳ ಸ್ಕೂಲಿಗೆ ಮೈಸೂರಿನಿಂದ ಚಾಮುಂಡಮ್ಮ ಅನ್ನುವ ಟೀಚರು ಬಂದರು. ಮದರಾಸಿನಲ್ಲಿ ಆಟ ಕಲಿಸುವುದನ್ನೇ ಓದಿಕೊಂಡು ಬಂದವರಂತೆ. (ಆಟಕ್ಕೂ ಓದಬೇಕಾದ ಕಾಲ ಬಂತಲ್ಲ ಅಂದುಕೊಂಡೆ.) ಒಂದು ದಿನ ರುದ್ರಿ ಸ್ಕೂಲಿನಿಂದ ಒಂದು ಕಾಗದ ತಂದಳು. ಮನೆಯ ಹಿರಿಯರು ರುಜು ಹಾಕಬೇಕು. ಮಗ ಶಿವನಂಜಪ್ಪ ಆಗ ಹುಣಸೂರಿನಲ್ಲಿ ಶೇಕ್ದಾರ. ಪಹಣಿ ನೋಡಲು ಹನಗೋಡಿನ ಕಡೆ ಹೋಗಿದ್ದ. ಹಿರಿಯಳು ಅಂತ ನಾನೇ ಕಾಗದ ತೆಗೆದುಕೊಂಡೆ.

ನನಗೆ ಅಕ್ಷರ ಅಷ್ಟಕ್ಕಷ್ಟೆ. ದಪ್ಪಗೆ ಬರೆದಿದ್ದರೆ ಕೂಡಿಸಿಕೊಂಡು ಓದುತ್ತೇನೆ, ಒತ್ತಕ್ಷರ ಬಂದರೆ ಅದಕ್ಕೆ ದಾರಿ ಬಿಟ್ಟು ಮುಂದಕ್ಕೆ ಹೋಗುತ್ತೇನೆ. ಕಾಗದದಲ್ಲಿ "ಬೀಸ್ ಬಾಲ್" ಅಂತ ಇತ್ತು. (ಇದ್ದದ್ದು "ಬೇಸ್ ಬಾಲ್" ಅಂತ ಮಗ ಆಮೇಲೆ ತೋರಿಸಿದ. ಒಂದು ಗುಡಿಸಿಗೆ ಅಷ್ಟು ಬೆಲೆ ಇದೆ ಎಂದು ನನಗೇನು ಗೊತ್ತು.) ಬೀಸ್ ಅಂದರೆ ಬೀಸುವುದು, ಬಾಲ್ ಅಂದರೆ ಬಾಲಕಿಯರು. ಅಂತೂ ಸರ್ಕಾರಕ್ಕೆ ಬುದ್ಧಿ ಬಂತು, ಹೆಣ್ಣುಮಕ್ಕಳಿಗೆ ಸ್ಕೂಲಿನಲ್ಲೇ ರಾಗಿ ಬೀಸುವುದು ಕಲಿಸುತ್ತಾರೆ ಎಂದು ಸಂತೋಷವಾಗಿ ರುಜು ಹಾಕಿದೆ. ಟೀಚರಿಗೆ ಹೇಳಿಯೂ ಕಳಿಸಿದೆ: "ನಮ್ಮ ರುದ್ರಿ ನಾಲ್ಕು ವರ್ಷದಿಂದ ಬೀಸ್ತಾ ಅವಳೆ. ಹೊಸದಾಗಿ ಕಲಿಸೋ ತೊಂದರೆ ಇಲ್ಲ."

ಟೀಚರು ಹಿಗ್ಗಿಹೋದರಂತೆ.

ಹದಿನೈದು ದಿನಕ್ಕೆ ನಮ್ಮ ಅಡಿಗೆಮನೆಯ ಹಿಟ್ಟಿನ ದೊಣ್ಣೆ ಎರಡು ತುಂಡಾಯಿತು. ಮುದ್ದೆ ತಿರುವಿ ಅಲ್ಲ. ಹಿತ್ತಲಲ್ಲಿ ರುದ್ರಿ ಅದರಲ್ಲಿ ಚೆಂಡು ಬಡಿಯುತ್ತಿದ್ದಳು. ಆವತ್ತು ನನಗೆ ಬೀಸ್ ಬಾಲಿನ ಪೂರ್ವಾಪರವೆಲ್ಲ ತಿಳಿಯಿತು. ಒಬ್ಬಳು ಚೆಂಡು ಎಸೆಯಬೇಕು, ಒಬ್ಬಳು ದೊಣ್ಣೆ ಬೀಸಬೇಕು. ಚೆಂಡು ದೂರ ಹೋದರೆ ದೊಣ್ಣೆ ಬಿಸಾಡಿ ಮೂರು ಕಟ್ಟೆ ಸುತ್ತಿಕೊಂಡು ಹೊರಟ ಜಾಗಕ್ಕೇ ವಾಪಸು ಬರಬೇಕು. ಹೊರಟ ಜಾಗಕ್ಕೆ "ಮನೆ" ಅಂತ ಹೆಸರು.

"ಮನೆಯಿಂದ ಹೊರಟು ಮನೆಗೇ ಬರೋದಾದ್ರೆ ಹೋಗೋದ್ಯಾಕೆ?" ಅಂದೆ.

"ಸುಮ್ನೆ ಮನೇಲೇ ನಿಂತಿದ್ರೆ ಪಾಯಿಂಟು ಸಿಗಲ್ಲ ಅಜ್ಜಿ. ಹೋಗಿ ಬಂದ್ರೆ ಒಂದು."

ಇಷ್ಟರಲ್ಲಿ ಮಗನಿಗೆ ಹೆಗ್ಗಡದೇವನಕೋಟೆಗೆ ವರ್ಗವಾಯಿತು. ಆಷಾಢ ಹುಟ್ಟಿದ ಮೇಲೆ ಯಾರೂ ಮನೆ ಬದಲಾಯಿಸುವುದಿಲ್ಲ. ಆಷಾಢ ಮಂಗಳವಾರ ಹುಟ್ಟುತ್ತಿತ್ತು. ಆದ್ದರಿಂದ ಸೋಮವಾರ ಬೆಳಿಗ್ಗೆ ಗಾಡಿ ಹೊರಡಲೇಬೇಕು ಎಂದು ನಾನೇ ಗೊತ್ತು ಮಾಡಿದೆ. ಹದಿನೇಳು ಗಂಟು, ನಾಲ್ಕು ಗುಡಾಣ, ಎರಡು ಮಂಚ, ಒಂದು ಬೀಸುವ ಕಲ್ಲು, ಕರು ಸಮೇತ ಹಸು. ಗಾಡಿಯ ಮಂಟಯ್ಯ ಬಂದು ಎಲ್ಲವನ್ನೂ ನೋಡಿಕೊಂಡು ಹೋದ.

ಬುಧವಾರ ಸಂಜೆ ಟೀಚರು ಮನೆಗೇ ಬಂದರು.

"ಅಮ್ಮಾ, ಕೋಟೆಯಲ್ಲಿ ಹೆಣ್ಣುಮಕ್ಕಳ ಸ್ಕೂಲು ನಾಲ್ಕನೇ ಕ್ಲಾಸಿಗೇ ಮುಗಿಯುತ್ತೆ. ಇವಳು ಆಗಲೇ ಐದು ಮುಗಿಸಿದಾಳೆ. ಅಲ್ಲಿಗೆ ಕರಕೊಂಡು ಹೋದ್ರೆ ಓದು ಇಷ್ಟೇ."

"ಅದಕ್ಕೇನು ಮಾಡೋದವ್ವ, ಅಪ್ಪ ಅವ್ವ ಒಂದು ಕಡೆ, ಮಗು ಒಂದು ಕಡೆ ಇರಕ್ಕಾಗುತ್ತಾ?"

"ಶನಿವಾರ ಕೃಷ್ಣರಾಜನಗರದ ಹುಡುಗಿಯರ ಜೊತೆ ನಮಗೆ ಪಂದ್ಯ ಇದೆ. ಮೈಸೂರಿನಿಂದ ಇನ್ಸ್‌ಪೆಕ್ಟರಮ್ಮನವರು ನೋಡೋದಕ್ಕೆ ಬರ್ತಾರೆ. ಚೆನ್ನಾಗಿ ಆಡಿದ ಒಬ್ಬಳಿಗೆ ಮೈಸೂರಿನ ಹಾಸ್ಟೆಲಿನಲ್ಲಿ ಊಟ, ಓದು ಎಲ್ಲ ಪುಕ್ಕಟೆ. ನಿಮ್ಮ ರುದ್ರಿ ಕೈ ನೋಡಿದರೆ ಬೇರೆಯವರನ್ನ ಕೇಳೋದೇ ಇಲ್ಲ."

ಸೊಸೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮಗ ನನ್ನ ಮುಖ ನೋಡಿದ. ರುದ್ರಿ ಕಂಬದ ಹಿಂದಿನಿಂದ ನನ್ನ ಮುಖ ನೋಡಿದಳು. ನಾನು, "ಸಿಕ್ಕಿದ್ರೆ ಓದ್ಲಿ ಬುಡಪ್ಪ," ಅಂದೆ. ಮಾತು ನಾನು ಅಲ್ಲಿಗೇ ನಿಲ್ಲಿಸಿದ್ದರೆ ಇದನ್ನು ಹೇಳುವ ಕೆಲಸವೇ ಇರುತ್ತಿರಲಿಲ್ಲ.

ಗುರುವಾರ ಹಿತ್ತಲಲ್ಲಿ ಗಂಟು ಕಟ್ಟುತ್ತಾ ರುದ್ರಿಯ ಆಟ ನೋಡುತ್ತಿದ್ದೆ. ಬಟ್ಟೆ ಒಗೆಯುವ ಕಲ್ಲು ಒಂದನೇ ಕಟ್ಟೆ, ನುಗ್ಗೆ ಮರ ಎರಡು, ಗೊಂತು ಮೂರು. ಬೀಸುವ ಕಲ್ಲನ್ನು ಸಾಗಿಸಲು ಆಚೆ ಇಟ್ಟಿದ್ದೆವು, ಅದು ಮನೆ. ಒಂದು ಸುತ್ತು ಬಂದಳು. ಎರಡನೇ ಸುತ್ತು ಬಂದಳು. ಮೂರನೇ ಸುತ್ತಿಗೆ ಕಟ್ಟುತ್ತಿದ್ದ ಗಂಟು ಬಿಟ್ಟು ಎದ್ದು ನಿಂತೆ.

ದೇವರಿಗೆ ಸುತ್ತು ಬರುವಾಗ ದೇವರು ನಮ್ಮ ಬಲಗೈ ಕಡೆಗೆ ಇರಬೇಕು. ಇಲ್ಲಿ ನಡುವೆ ನಿಂತು ಚೆಂಡೆಸೆಯುತ್ತಿದ್ದ ಪಕ್ಕದ ಮನೆಯ ಹುಡುಗಿ, ರುದ್ರಿ ಸುತ್ತಿದ್ದಷ್ಟು ಹೊತ್ತೂ ಅವಳ ಎಡಗೈಗೇ ಇದ್ದಳು. ಅಪ್ರದಕ್ಷಿಣೆ. ಎಡಸುತ್ತು. ಅದೂ ಮನೆ ಬಿಟ್ಟು ಪರಸ್ಥಳಕ್ಕೆ ಹೊರಡುವ ವಾರದಲ್ಲಿ.

"ರುದ್ರೀ, ಬಾ ಇಲ್ಲಿ. ಆ ಕಡೆಯಿಂದ ಸುತ್ತಬ್ಯಾಡ. ಗೊಂತಿನ ಕಡೆಯಿಂದ ಹೊರಡು."

"ಅಜ್ಜಿ, ಅದು ರೂಲು. ಒಗೆಯೋ ಕಲ್ಲಿನ ಕಡೆಗೇ ಮೊದಲು ಹೋಗಬೇಕು."

"ಯಾರು ಮಾಡಿದ ರೂಲು?"

"ಅಮೇರಿಕದವರು."

"ಅಮೇರಿಕ ಎಲ್ಲಿದೆ ಅಂತ ನೀನೇ ಹೇಳಿದ್ದೆ, ರಾಗಿ ಬೀಸೋವಾಗ."

"ಭೂಮಿ ದುಂಡಗದೆ. ನಾವು ಮೇಲೆ, ಅವರು ಕೆಳಗಡೆ."

ನಾನು ಒಳಗೆ ಹೋಗಿ ರಾಗಿ ರೊಟ್ಟಿ ತಂದೆ. ಆತುರದಲ್ಲಿ ಹೇಳಿದ ಮಾತಲ್ಲ, ಸಾವಧಾನವಾಗಿ ತೋರಿಸಿದೆ. ರೊಟ್ಟಿಯ ಅಡಿಯಲ್ಲಿ ಬೆರಳಿಟ್ಟು ಎಡಸುತ್ತು ಸುತ್ತಿಸಿದೆ. "ಅಡಿಯಲ್ಲಿರೋರು ಹಿಂಗೆ ಸುತ್ತುತಾರೆ. ಈಗ ಮೇಲಿಂದ ನೋಡು. ಅದೇ ಬೆರಳು ಬಲಸುತ್ತು ಬತ್ತಾ ಅದೆ. ಅವರು ಅಲ್ಲಿಂದ ಮಾಡೋದು ಸರಿಯಾಗೇ ಅದೆ. ಅದನ್ನೇ ಇಲ್ಲಿಗೆ ತಂದು ಹಂಗೇ ಆಡಿದ್ರೆ ತಲೆಕೆಳಗು. ನಿಮ್ಮ ಟೀಚರು ತಿರುಗಿಸಿಕೊಳ್ಳದೇ ತಂದವ್ರೆ."

ರುದ್ರಿ ರೊಟ್ಟಿಯ ಮೇಲೆ ನೋಡಿದಳು, ಬಗ್ಗಿ ಕೆಳಗೆ ನೋಡಿದಳು. (ಗೆದ್ದ ಸಂತೋಷಕ್ಕೆ ನಾನೇ ಆ ರೊಟ್ಟಿ ತಿಂದೆ.)

"ಆದ್ರೂ ರೂಲು, ಅಜ್ಜಿ."

"ನನ್ನಾಣೆ. ಬಲಸುತ್ತೇ ಬರಬೇಕು. ನನ್ನನ್ನ ಜೀವಸಹಿತ ಕೋಟೆಗೆ ಕರಕೊಂಡು ಹೋಗೋ ಆಸೆ ನಿನಗಿದ್ರೆ."

ಆಣೆ ಇಟ್ಟದ್ದು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಈಗ ನಿಮಗೆ.

ಶನಿವಾರ ಲಕ್ಷ್ಮಣತೀರ್ಥದ ದಡದ ಬಯಲಿನಲ್ಲಿ ಊರೇ ನೆರೆದಿತ್ತು. ಇನ್ಸ್‌ಪೆಕ್ಟರಮ್ಮನವರು ಛತ್ರಿಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಎದುರಾಳಿ ಹುಡುಗಿಯರ ಊರಿಗೆ ಕೃಷ್ಣರಾಜನಗರ ಅಂತ ಈಚೆಗೆ ಹೆಸರು ಬಂದಿತ್ತು, ನಮ್ಮ ಬಾಯಲ್ಲಿ ಅದು ಇನ್ನೂ ಎಡತೊರೆಯೇ. ಎಡತೊರೆಯವರು ಎಡಸುತ್ತು ಬಂದರೆ ಆಶ್ಚರ್ಯವಿಲ್ಲ ಎಂದು ಸೊಸೆಯ ಕಿವಿಯಲ್ಲಿ ಹೇಳಿದೆ. "ಸುಮ್ಕಿರಿ ಅತ್ತೆ," ಅಂದಳು.

ರುದ್ರಿ ಮೊದಲ ಸರದಿಯಲ್ಲಿ ಮೂರು ಸಲ ಬೀಸಿ ಮೂರು ಸಲವೂ ತಪ್ಪಿದಳು. ಎರಡನೆಯ ಸರದಿಯಲ್ಲೂ ಹಾಗೇ. ಟೀಚರ ಮುಖ ಸಪ್ಪಗಾಯಿತು. ದಿನಾ ಬಡಿಯುವ ಚೆಂಡು ಇವತ್ತು ಯಾಕೆ ಸಿಗದು ಎಂದು ನಾನೂ ಯೋಚಿಸಿದೆ. ಹೊಡೆದರೆ ತಾನೆ ಓಡಬೇಕಾದದ್ದು, ಓಡಿದರೆ ತಾನೆ ಯಾವ ಕಡೆ ಅನ್ನುವ ಪ್ರಶ್ನೆ. ಮಗು ಬೇಕೆಂದೇ ತಪ್ಪಿಸುತ್ತಿದ್ದಳು ಎಂಬುದು ನನಗೆ ಹೊಳೆದದ್ದು ಬಹಳ ದಿನದ ಮೇಲೆ.

ಕೊನೆಯ ಸರದಿ. ಎಡತೊರೆಯವರದು ಹತ್ತು, ನಮ್ಮದು ಒಂಬತ್ತು. ಮೂರನೇ ಕಟ್ಟೆಯಲ್ಲಿ ದೊಡ್ಡಮ್ಮ ಅಂತ ಒಬ್ಬಳು ಕಾದು ನಿಂತಿದ್ದಾಳೆ. (ಹೆಸರು ದೊಡ್ಡಮ್ಮ, ಆಳು ಒಂದು ಗುಡಾಣದಷ್ಟು.) ರುದ್ರಿ ಒಂದು ಹೊಡೆತ ಹೊಡೆದರೆ ದೊಡ್ಡಮ್ಮನೂ ಮನೆಗೆ ಬರುತ್ತಾಳೆ, ಇವಳೂ ಬರುತ್ತಾಳೆ, ನಾವು ಗೆದ್ದೆವು. ಚೆಂಡು ಬಂತು. ಎಷ್ಟು ನೆಟ್ಟಗೆ ಬಂತು ಅಂದರೆ ತಪ್ಪಿಸುವುದೇ ಕಷ್ಟ. ನಾಲ್ಕು ವರ್ಷ ನನ್ನ ಎದುರಿಗೆ ಬೀಸಿದ ಕೈ, ತಾನಾಗಿ ಬೀಸಿಬಿಟ್ಟಿತು. ಚೆಂಡು ಬಯಲು ದಾಟಿ, ಅಗಸರ ಬಂಡೆ ದಾಟಿ ಹೊಳೆಗೆ ಬಿತ್ತು.

ರುದ್ರಿ ದೊಣ್ಣೆ ಬಿಸಾಡಿದಳು. ಜನದ ನಡುವೆ ನಾನು ಎಲ್ಲಿದ್ದೇನೆ ಎಂದು ಹುಡುಕಿ ಒಂದು ಸಲ ನೋಡಿದಳು. ಆಮೇಲೆ ಮೂರನೇ ಕಟ್ಟೆಯ ಕಡೆಗೆ ಓಡಿದಳು.

ಊರೆಲ್ಲ "ಆ ಕಡೆ, ಆ ಕಡೆ" ಎಂದು ಕೂಗುತ್ತಿತ್ತು. ನಾನೊಬ್ಬಳೇ ಎದ್ದು ನಿಂತು, "ಹಂಗೇ ಬಾ ನನ್ನವ್ವ," ಅಂದೆ. ಅಷ್ಟರಲ್ಲಿ ಮೂರನೇ ಕಟ್ಟೆಯಿಂದ ದೊಡ್ಡಮ್ಮ ತಲೆ ತಗ್ಗಿಸಿ ಮನೆಯ ಕಡೆಗೆ ನುಗ್ಗಿ ಬಂದಳು. ಇಬ್ಬರೂ ನಡುದಾರಿಯಲ್ಲಿ ಡಿಕ್ಕಿ ಹೊಡೆದರು. ತೆಂಗಿನಕಾಯಿ ಒಡೆದ ಸದ್ದು ನಾನಿದ್ದಲ್ಲಿಗೆ ಕೇಳಿಸಿತು. ಇಬ್ಬರೂ ಅಂಗಾತ ಬಿದ್ದು ಆಕಾಶ ನೋಡುತ್ತಿದ್ದರು. ಎಡತೊರೆಯ ಹುಡುಗಿ ಹೊಳೆಗಿಳಿದು ಚೆಂಡು ಹುಡುಕಿ, ನೀರು ಹಿಂಡಿ, ನಿಧಾನವಾಗಿ ನಡೆದು ಬಂದು ಇಬ್ಬರಿಗೂ ಒಂದೊಂದು ಸಲ ಒತ್ತಿದಳು, ಕಛೇರಿಯಲ್ಲಿ ಮೊಹರು ಒತ್ತುವ ಹಾಗೆ. ನಡುದಾರಿಯಲ್ಲಿ ಚೆಂಡು ತಾಗಿದವಳು ಔಟಂತೆ, ಆಟ ಮುಗಿಯಿತು.

ಇನ್ಸ್‌ಪೆಕ್ಟರಮ್ಮನವರು ಟೀಚರನ್ನು ಕರೆದು ಕೇಳಿದರು: "ಈ ಹುಡುಗಿಗೆ ಎಡ ಬಲ ಗೊತ್ತಿಲ್ವೇ?"

ಟೀಚರು ರುದ್ರಿಯನ್ನು ಕೇಳಿದರು. ರುದ್ರಿಯ ಹಣೆಯಲ್ಲಿ ನಿಂಬೆಕಾಯಿಯಷ್ಟು ಊದಿತ್ತು. ನಾನು ಮೂರು ಹೆಜ್ಜೆ ಹತ್ತಿರದಲ್ಲೇ ನಿಂತಿದ್ದೆ. ಹೇಳಲು ಬಾಯಿ ತೆರೆದೆ, ನಾಲಗೆ ಏಳಲಿಲ್ಲ. ಎಪ್ಪತ್ತು ವರ್ಷದಲ್ಲಿ ಅದು ಸುಮ್ಮನಿದ್ದದ್ದು ಅದೊಂದು ಸಲ.

"ಮರೆತೋಯ್ತು ಟೀಚರ್," ಅಂದಳು ರುದ್ರಿ.

ಹಾಸ್ಟೆಲು ಎಡತೊರೆಯ ಹುಡುಗಿಗೆ ಸಿಕ್ಕಿತು.

ಸೋಮವಾರ ನಾನು ಹೇಳಿದ ಗಳಿಗೆಗೇ ಗಾಡಿ ಹೊರಟಿತು. ಹದಿನೇಳು ಗಂಟಿನಲ್ಲಿ ಒಂದೂ ಕಡಿಮೆ ಇಲ್ಲ. ಮಂಟಯ್ಯ ಬೀಸುವ ಕಲ್ಲನ್ನು ಎತ್ತುವಾಗ, "ಇದನ್ಯಾಕವ್ವಾ ಒರ್ತೀರಾ, ಕೋಟೇಲಿ ಕಲ್ಲಿಗೇನು ಬರವಾ?" ಎಂದು ಗೊಣಗಿದ. "ಕೈಗೆ ಪಳಗಿದ ಕಲ್ಲು ಕಣಪ್ಪಾ," ಅಂದೆ. ರುದ್ರಿ ಅದರ ಪಕ್ಕದಲ್ಲೇ ಕೂತಳು. ಹುಣಸೂರು ದಾಟುವವರೆಗೂ ಹಿಂದಕ್ಕೆ ನೋಡಲಿಲ್ಲ, ದಾಟಿದ ಮೇಲೂ ನೋಡಲಿಲ್ಲ. ಕೊನೆಗೆ ಮಂಟಯ್ಯನೇ ಕೇಳಿದ, "ಮಗೀಗೆ ಮೈ ಸರಿಯಿಲ್ವಾ?" ಅಂತ.

ಕೋಟೆಯಲ್ಲಿ ಸ್ಕೂಲು ನಾಲ್ಕಕ್ಕೇ ಮುಗಿದಿತ್ತು, ಟೀಚರು ಹೇಳಿದ ಹಾಗೆ. ರುದ್ರಿ ಮನೆಯಲ್ಲೇ ಉಳಿದಳು. ಈಗ ಅವಳು ಬೆಟ್ಟದಪುರದ ಸೊಸೆ, ಎರಡು ಮಕ್ಕಳ ತಾಯಿ. ಒಳ್ಳೆಯ ಮನೆ, ಒಳ್ಳೆಯ ಗಂಡ, ಅದಕ್ಕೆ ಕೊರತೆ ಹೇಳುವುದಿಲ್ಲ. ಬಂದಾಗ ನನ್ನ ಕಾಲು ಒತ್ತುತ್ತಾಳೆ. ಕೂತುಕೋ ಅಂದರೆ ಕೂರುತ್ತಾಳೆ, ಉಣ್ಣು ಅಂದರೆ ಉಣ್ಣುತ್ತಾಳೆ. ಮೊದಲು ಪ್ರಶ್ನೆ ಕೇಳುತ್ತಿದ್ದಳು, ಮಾತು ಕೇಳುತ್ತಿರಲಿಲ್ಲ. ಈಗ ಮಾತು ಕೇಳುತ್ತಾಳೆ. ಬೇಕಾದರೆ ನಾನೇ ಕೆಣಕುತ್ತೇನೆ, ಮೀನಿಗೆ ಬಾಯಾರಿಕೆ ಆಗುತ್ತೇನೇ ಅಂತ. ನಕ್ಕು ಸುಮ್ಮನಾಗುತ್ತಾಳೆ.

ಅವಳು ನನ್ನನ್ನು ಕಡೆಯದಾಗಿ ಪ್ರಶ್ನೆ ಕೇಳಿದ್ದು ಕೋಟೆಗೆ ಬಂದ ಮೂರನೆಯ ಬೆಳಿಗ್ಗೆ. ಹೊಸ ಮನೆಯ ಪಡಸಾಲೆಯಲ್ಲಿ ಕಲ್ಲು ಹೂಡಿ ಎದುರುಬದುರು ಕೂತಿದ್ದೆವು. ಗೂಟಕ್ಕೆ ನನ್ನದೊಂದು ಕೈ, ಅವಳದೊಂದು ಕೈ. ಹಣೆಯ ಊತ ಇಳಿದು ಹಸುರು ಬಣ್ಣಕ್ಕೆ ತಿರುಗಿತ್ತು. ಅರ್ಧ ಸೇರಿನಷ್ಟು ಬೀಸಿದೆವು. ಆಮೇಲೆ ಅವಳ ಕೈ ನಿಂತಿತು. ಕಲ್ಲನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ಕಲ್ಲಿನ ನಡುವಿನ ಕೀಲೇ ದೇವರು ಅಂದುಕೊಂಡು, ನನ್ನ ಕೈ ಅದನ್ನು ಯಾವ ಕಡೆಯಿಂದ ಸುತ್ತಿ ಬರುತ್ತಿದೆ ಎಂದು ಲೆಕ್ಕ ಹಾಕಿದೆ. ಮೇಲಿಂದ ಲೆಕ್ಕ ಹಾಕಿದೆ, ರೊಟ್ಟಿ ನೆನೆಸಿಕೊಂಡು ಅಡಿಯಿಂದಲೂ ಹಾಕಿದೆ. ಬಲಕ್ಕೆ ತಿರುಗಿಸಿ ನೋಡಿದೆ. ರಾಗಿ ಇಡಿ ಇಡಿಯಾಗಿ ಆಚೆ ಬಂತು. ನಾನು ಈ ಮನೆತನಕ್ಕೆ ಸೊಸೆಯಾಗಿ ಬಂದಾಗಿನಿಂದ ದಿನಕ್ಕೆ ಎರಡು ಸೇರು, ಐವತ್ತಾರು ವರ್ಷ.

ರುದ್ರಿ ಕೋಪದಿಂದ ಕೇಳಲಿಲ್ಲ. ಕೋಪದಿಂದ ಕೇಳಿದ್ದರೆ ಬೈದು ಹಗುರವಾಗುತ್ತಿದ್ದೆ. ಇಡಿ ರಾಗಿಯನ್ನು ಬೆರಳಿನಿಂದ ಒಟ್ಟು ಮಾಡಿ ಮತ್ತೆ ಕಲ್ಲಿನ ಬಾಯಿಗೆ ಹಾಕಿ, ಮೆಲ್ಲಗೆ ಕೇಳಿದಳು:

"ಅಜ್ಜಿ, ನಾವು ದಿನಾ ಬೀಸ್ತಾ ಇದ್ದದ್ದು ಎಡಸುತ್ತಲ್ವಾ?"