ಅಣ್ಣನನ್ನು ಮೊದಲ ಪುಟಕ್ಕೇರಿಸಿದ ಮೂವತ್ತೊಂದು ಬೈಗುಳಗಳ ಕುರಿತು

ಇಂದ,
ಹೊಲಿಗೆ ಯಂತ್ರ ರಿಪೇರಿಯವನು,
ಬೇಕರಿಯ ಪಕ್ಕದ ಅಂಗಡಿ (ಎದುರಿಗಿರುವುದು ಅಣ್ಣನದು, ನನ್ನದಲ್ಲ).

ಗೆ,
ಮಾನ್ಯ ಪುಟಕ್ರಮ ನಿರ್ಧಾರಾಧಿಕಾರಿಗಳು,
ಸರ್ಚ್ ಎಂಜಿನ್ ಕಚೇರಿ
(ತಮ್ಮ ವಿಳಾಸವನ್ನು ತಮ್ಮಲ್ಲೇ ಹುಡುಕಿದೆ, ಸಿಗಲಿಲ್ಲ).

ವಿಷಯ: ನನ್ನ ವೆಬ್‌ಸೈಟನ್ನು ಮೊದಲ ಪುಟಕ್ಕೆ ತರಬೇಕೆಂಬ ಹಿಂದಿನ ಕೋರಿಕೆಯನ್ನು ಕೈಬಿಟ್ಟು, ಸದರಿ ವೆಬ್‌ಸೈಟನ್ನು ಭಾನುವಾರದವರೆಗೆ ಯಾರ ಕಣ್ಣಿಗೂ ಬೀಳದಂತೆ ಮುಚ್ಚಿಡಲು ಕೋರುವ ಬಗ್ಗೆ.

ಉಲ್ಲೇಖ: 1. ನಾನು ಈ ಹಿಂದೆ ಸಲ್ಲಿಸಿದ ನಾಲ್ಕು ಅರ್ಜಿಗಳು (ಉತ್ತರ ಬಂದಿರುವುದಿಲ್ಲ).
2. ನನ್ನ ಮಗಳು ಅಡುಗೆಮನೆಯಲ್ಲಿ ನಿಂತು ನೀಡಿದ ಮೌಖಿಕ ವಿವರಣೆ.
3. ಅಣ್ಣ ಬುಧವಾರ ಬೆಳಿಗ್ಗೆ ಖುದ್ದಾಗಿ ನನ್ನ ಅಂಗಡಿಗೆ ಬಂದದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ:

1. ಕಾಲಿನಿಂದ ತುಳಿಯುವ ಹಳೆಯ ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡುವುದು ನನ್ನ ಕಸುಬು. ಅಪ್ಪನಿಂದ ಕಲಿತದ್ದು. ಅಣ್ಣನೂ ಅಪ್ಪನಿಂದಲೇ ಕಲಿತವನು, ಆದರೆ ಅವನು ಅವೇ ಯಂತ್ರಗಳಿಗೆ ಮೋಟರ್ ಕೂರಿಸುತ್ತಾನೆ. ಆರು ವರ್ಷಗಳ ಹಿಂದೆ ಅಪ್ಪನ ಸ್ವಂತ ಯಂತ್ರಕ್ಕೇ ನನ್ನನ್ನು ಒಂದು ಮಾತೂ ಕೇಳದೆ ಮೋಟರ್ ಕೂರಿಸಿಬಿಟ್ಟ. ಅಮ್ಮನಿಗೆ ಮೊಣಕಾಲು ನೋವು, ತುಳಿಯಲು ಆಗುವುದಿಲ್ಲ ಎಂಬುದು ಅವನ ವಾದ. ಅಪ್ಪ ನಲವತ್ತು ವರ್ಷ ತುಳಿದ ಯಂತ್ರದ ಮಾನ ಹೋಯಿತು ಎಂಬುದು ನನ್ನ ವಾದ. ಅಂದಿನಿಂದ ನಮ್ಮಿಬ್ಬರ ನಡುವೆ ಒಂದು ರಸ್ತೆ ಇದೆ, ಮಾತಿಲ್ಲ. ಅಮ್ಮನ ಮೊಣಕಾಲು ಆಗ ನಿಜವಾಗಿಯೂ ನೋಯುತ್ತಿತ್ತು ಎಂಬುದನ್ನು ಈ ಮೂಲಕ ಲಿಖಿತವಾಗಿ ಒಪ್ಪಿಕೊಳ್ಳುತ್ತೇನೆ.

2. ಕಳೆದ ವರ್ಷ ಮಗಳು ನನಗೊಂದು ವೆಬ್‌ಸೈಟ್ ಮಾಡಿಕೊಟ್ಟಳು. ಹುಡುಕಿದರೆ ಅದು ತಮ್ಮ ಒಂಬತ್ತನೇ ಪುಟದಲ್ಲಿ ಬರುತ್ತಿತ್ತು. ಎಂಟು ಪುಟ ದಾಟಿ ಬರುವಷ್ಟು ತಾಳ್ಮೆ ಇರುವವರ ಯಂತ್ರ ಸಾಮಾನ್ಯವಾಗಿ ಕೆಡುವುದೇ ಇಲ್ಲ. ಏನು ಮಾಡಬೇಕೆಂದು ಮಗಳನ್ನು ಕೇಳಿದೆ.

"ಬೇರೆಯವರ ವೆಬ್‌ಸೈಟಿನಲ್ಲಿ ನಿನ್ನ ಲಿಂಕ್ ಇರಬೇಕಪ್ಪಾ. ನಾಲ್ಕು ಜನ ನಿನ್ನ ಕಡೆ ಕೈ ತೋರಿಸಿದ್ರೆ, ಓಹೋ ಇವ್ನು ಬೇಕಾದವನು ಅಂತ ಸರ್ಚ್ ಎಂಜಿನ್ ನಿನ್ನ ಮೇಲಕ್ಕೆ ತರತ್ತೆ" ಎಂದಳು.

ನಿಯಮ ನ್ಯಾಯವಾಗಿಯೇ ಕಂಡಿತು. ಕಾರಣ, ನನ್ನ ಲಿಂಕ್ ಹಾಕಿಕೊಳ್ಳಿ ಎಂದು ಮೊದಲಿಗೆ ನನ್ನ ಹಲ್ಲು ಕೀಳುವ ಡಾಕ್ಟರನ್ನು ಕೇಳಿಕೊಂಡೆ. ಪಾಪ, ನನ್ನ ಬಾಯಿಗೆ ಕೈ ಹಾಕಿದ್ದಾಗಲೇ ಒಪ್ಪಿದರು. ಅದಾದ ವಾರದಲ್ಲೇ ಒಬ್ಬ ಅಜ್ಜಿ ತಮ್ಮ ಹಲ್ಲಿನ ಸೆಟ್ಟು ತಂದು ನನ್ನ ಮೇಜಿನ ಮೇಲಿಟ್ಟು, "ಇದನ್ನ ಸ್ವಲ್ಪ ಬಿಗಿ ಮಾಡ್ಕೊಡಪ್ಪಾ" ಎಂದರು. ಈಜು ಕಲಿಸುವ ಭಾವಮೈದುನ ಅಭಿಮಾನ ಉಕ್ಕಿ ತನ್ನ ವೆಬ್‌ಸೈಟಿನ ಒಂದೇ ಪುಟದಲ್ಲಿ ನಲವತ್ತು ಸಲ ನನ್ನ ಲಿಂಕ್ ಹಾಕಿದ. ಹಾಗೆ ಮಾಡಿದರೆ ಮೋಸವೆಂದು ತಿಳಿದು ತಾವು ಕೆಳಕ್ಕೆ ತಳ್ಳುತ್ತೀರೆಂದು ಮಗಳು ಹೆದರಿಸಿ ತೆಗೆಸಿದಳು. ನಾನು ಒಂಬತ್ತನೇ ಪುಟದಲ್ಲೇ ಗೂಟ ಹೊಡೆದುಕೊಂಡು ಕೂತಿದ್ದೆ.

3. ಆಗ ಮಗಳು, "ಅಪ್ಪಾ, ವಾರಕ್ಕೊಂದು ಲೇಖನ ಬರಿ. ನಿಂಗೆ ಚೆನ್ನಾಗಿ ಗೊತ್ತಿರೋದ್ರ ಬಗ್ಗೆ ಬರಿ. ಓದೋಕೆ ಚೆನ್ನಾಗಿದ್ರೆ ಜನ ತಾವಾಗೇ ಲಿಂಕ್ ಕೊಡ್ತಾರೆ" ಎಂದಳು.

ನನಗೆ ಚೆನ್ನಾಗಿ ಗೊತ್ತಿದ್ದದ್ದು ಅಣ್ಣನ ತಪ್ಪುಗಳು. ಆದ್ದರಿಂದ ಬರೆದೆ. ಅವನು ಬೆಲ್ಟ್ ಬಿಗಿಯುವ ರೀತಿ, ಸೂಜಿ ಹಾಕುವ ಅವಸರ, ಬಿಚ್ಚಿದ ಐದು ಸ್ಕ್ರೂಗಳಲ್ಲಿ ನಾಲ್ಕನ್ನೇ ವಾಪಸ್ ಹಾಕುವ ಅಭ್ಯಾಸ, ಕಂಡಕಂಡದ್ದಕ್ಕೆಲ್ಲ ಮೋಟರ್ ಕೂರಿಸುವ ಹುಚ್ಚು, ಒಂದನ್ನೂ ಬಿಡಲಿಲ್ಲ. ಸುಮ್ಮಸುಮ್ಮನೆ ಆರೋಪ ಮಾಡಿದನೆಂದು ಯಾರೂ ಅನ್ನಬಾರದು, ಓದಿದವರು ಹೋಗಿ ಕಣ್ಣಾರೆ ನೋಡಿಕೊಳ್ಳಲಿ ಎಂಬ ಪ್ರಾಮಾಣಿಕ ಉದ್ದೇಶದಿಂದ ಪ್ರತಿ ಬೈಗುಳಕ್ಕೂ ಅವನ ವೆಬ್‌ಸೈಟಿನ ಲಿಂಕನ್ನು ಸಾಕ್ಷಿಯಾಗಿ ಲಗತ್ತಿಸಿದೆ. ಒಟ್ಟು ಮೂವತ್ತೊಂದು.

4. ಲೇಖನಗಳು ಓದಲು ಚೆನ್ನಾಗಿದ್ದವಂತೆ. ಟೈಲರುಗಳ ಸಂಘದವರು ನಗಾಡಿಕೊಂಡು ಅಷ್ಟನ್ನೂ ತಮ್ಮ ವೆಬ್‌ಸೈಟಿಗೆ ಎತ್ತಿ ಹಾಕಿಕೊಂಡರು. ಹೊಲಿಗೆ ಕಲಿಸುವ ಶಾಲೆಯೊಂದು ಅಲ್ಲಿಂದ ಎತ್ತಿಕೊಂಡಿತು. ಅವುಗಳೊಳಗಿದ್ದ ಲಿಂಕುಗಳೆಲ್ಲ ಅಣ್ಣನವು. ಪರಿಣಾಮವಾಗಿ ತಮ್ಮ ಮೊದಲ ಪುಟದಲ್ಲಿ ಅಣ್ಣ ಮೊದಲನೆಯವನಾಗಿ ವಿರಾಜಮಾನನಾದ.

"ಬೈದಿದ್ದಕ್ಕೂ ಮಾರ್ಕ್ಸ್ ಕೊಡ್ತಾರಾ?" ಎಂದು ಮಗಳನ್ನು ಕೇಳಿದೆ.

"ಕೈ ತೋರಿಸಿದ್ದನ್ನ ಲೆಕ್ಕ ಹಾಕತ್ತಪ್ಪಾ, ಮುಖ ಗಂಟಿಕ್ಕಿದ್ದನ್ನ ನೋಡಲ್ಲ" ಎಂದಳು.

5. ಹೀಗಿರುವಾಗ ಬುಧವಾರ ಬೆಳಿಗ್ಗೆ ನಾನು ಒಂದು ಬಾಬಿನ್ ಕೇಸಿನಿಂದ ಸಿಕ್ಕಿಕೊಂಡ ದಾರ ಕೀಳುತ್ತಿದ್ದಾಗ ಬಾಗಿಲಿನ ಬೆಳಕಿಗೆ ಯಾರೋ ಅಡ್ಡ ನಿಂತರು. ತಲೆ ಎತ್ತಿದರೆ ಅಣ್ಣ. ಕೈಯಲ್ಲಿ ಒಂದು ಕಾಗದ.

"ಏನೋ, ಹೇಗಿದ್ದೀಯ?"

"ಇದ್ದೀನಿ."

"ನನ್ನ ವೆಬ್‌ಸೈಟ್ ನೋಡ್ಕೊಳ್ಳೋರು ಈ ಪಟ್ಟಿ ಕೊಟ್ರು. ನನ್ನ ಕಡೆ ಜನರನ್ನ ಕಳಿಸ್ತಿರೋರಲ್ಲಿ ಮೊದಲ್ನೇ ಹೆಸರೇ ನಿಂದಂತೆ. ಮೂವತ್ತೊಂದು ಸಲ!"

ನನ್ನ ಕೈಯಲ್ಲಿದ್ದ ಬಾಬಿನ್ ಕೇಸ್ ಮೇಜಿನ ಕೆಳಗೆ ಉರುಳಿತು. ಅದನ್ನು ಹುಡುಕುವ ನೆಪದಲ್ಲಿ ನಾನೂ ಮೇಜಿನ ಕೆಳಗೆ ಹೋದೆ.

"ಆರು ವರ್ಷದಲ್ಲಿ ನನ್ನ ಬಗ್ಗೆ ಇಷ್ಟೊಂದು ಸಲ ಯಾರೂ ಯೋಚ್ನೆ ಮಾಡಿರ್ಲಿಲ್ಲ ಕಣೋ" ಎಂದ ಅಣ್ಣ, ಮೇಜಿನ ಮೇಲಿಂದ. "ನಾನೂ ನಿಂಗೊಂದು ಲಿಂಕ್ ಹಾಕಿಸಿದ್ದೀನಿ. ಭಾನುವಾರ ಅಮ್ಮನ್ನ ಕರ್ಕೊಂಡು ಮನೆಗೆ ಬರ್ತೀನಿ. ಬರೆದಿದ್ದನ್ನೆಲ್ಲ ನಿನ್ನ ಬಾಯಲ್ಲೇ ಓದಿ ಹೇಳ್ಬೇಕು, ಆಯ್ತಾ?"

ಆಯ್ತು ಎಂದೆ. ಮೇಜಿನ ಕೆಳಗಿರುವವನಿಗೆ ಬೇರೆ ಉತ್ತರ ಹೊಳೆಯುವುದಿಲ್ಲ. ಅವನು ಹೋದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಅವನ ದನಿ ಅಷ್ಟು ಹತ್ತಿರದಿಂದ ಕೇಳಿ ಬಹಳ ಖುಷಿಯಾಯಿತು.

6. ಸದರಿ ಬೈಗುಳಗಳನ್ನು ಅಣ್ಣ ಓದಿಲ್ಲವೆಂದೂ, ಪಟ್ಟಿಯ ಅಂಕಿಯನ್ನಷ್ಟೇ ನೋಡಿ ಪ್ರೀತಿಯೆಂದು ತಿಳಿದಿದ್ದಾನೆಂದೂ ನಾನು ಭಾವಿಸಿರುತ್ತೇನೆ. ಓದಿದರೆ ಬಂದ ದಾರಿಯಲ್ಲೇ ವಾಪಸ್ ಹೋಗುತ್ತಾನೆ, ಇನ್ನೆಂದೂ ರಸ್ತೆ ದಾಟುವುದಿಲ್ಲ. ಆದ್ದರಿಂದ ಬುಧವಾರದಿಂದ ಒಂದೊಂದೇ ವಾಕ್ಯ ತಿದ್ದುತ್ತಿದ್ದೇನೆ. "ಹಟಮಾರಿ" ಎಂದಿದ್ದದ್ದು "ದೃಢ ಮನಸ್ಸಿನವನು" ಎಂದಾಗಿದೆ. "ಇವನ ಕೈಗೆ ಯಂತ್ರ ಕೊಟ್ಟರೆ ದೇವರೇ ಗತಿ" ಎಂಬಲ್ಲಿ "ದೇವರೇ" ತೆಗೆದು "ಇವನೇ" ಎಂದು ಹಾಕಿದ್ದೇನೆ. ಲಿಂಕುಗಳನ್ನು ಮಾತ್ರ ಮುಟ್ಟಿಲ್ಲ. ಪಟ್ಟಿಯಲ್ಲಿ ಮೂವತ್ತೊಂದು ಮೂವತ್ತಾದರೂ ಅವನಿಗೆ ಬೇಜಾರಾದೀತು.

7. ಆದರೆ ನಾನು ಎಷ್ಟು ತಿದ್ದಿದರೂ ಹಳೆಯ ಪ್ರತಿಯೊಂದು ಕೆಲವು ದಿನ ತಮ್ಮ ಬಳಿ ಉಳಿದಿರುತ್ತದಂತೆ. ಕಾರಣ, ಈ ಕೆಳಕಂಡಂತೆ ಕೋರುತ್ತೇನೆ:

(ಅ) ಹಳೆಯ ಪ್ರತಿಯನ್ನು ಕೂಡಲೇ ಮರೆತುಬಿಡುವುದು.
(ಆ) ಅಣ್ಣ ಕೊಟ್ಟ ಒಂದೇ ಒಂದು ಲಿಂಕಿನಿಂದ ನಾನು ಒಂಬತ್ತರಿಂದ ಮೂರನೇ ಪುಟಕ್ಕೆ ಬಂದಿದ್ದು, ಸದರಿ ಬಡ್ತಿಯನ್ನು ರದ್ದುಪಡಿಸಿ ಮರಳಿ ಒಂಬತ್ತಕ್ಕೆ, ಸಾಧ್ಯವಾದರೆ ತೊಂಬತ್ತಕ್ಕೆ ಕಳಿಸುವುದು.
(ಇ) ಟೈಲರುಗಳ ಸಂಘವನ್ನೂ ಹೊಲಿಗೆ ಶಾಲೆಯನ್ನೂ ಭಾನುವಾರ ಸಂಜೆಯವರೆಗೆ ಯಾರಿಗೂ ತೋರಿಸದಿರುವುದು.

ಒಂಬತ್ತನೇ ಪುಟದಲ್ಲಿಯೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
(ಸಹಿ)
ರಿಪೇರಿಯವನು

ಲಗತ್ತುಗಳು:
1. ಮೂವತ್ತೊಂದು ವಾಕ್ಯಗಳು, ತಿದ್ದುವ ಮೊದಲು ಮತ್ತು ತಿದ್ದಿದ ನಂತರ.
2. ಅಣ್ಣ ನನ್ನ ಮೇಜಿನ ಮೇಲೆ ಬಿಟ್ಟುಹೋದ ಪಟ್ಟಿ.
3. ಅಣ್ಣನ ವೆಬ್‌ಸೈಟಿನಲ್ಲಿ ನನ್ನ ಲಿಂಕ್ ಇರುವ ಪುಟದ ಪ್ರತಿ.

ವಿಶೇಷ ಸೂಚನೆ: ಮೂರನೇ ಲಗತ್ತನ್ನು ಪಿನ್ ಮಾಡುವಾಗ ಅದನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ಲಿಂಕ್ ಇದೆ ಎಂದಷ್ಟೇ ನೋಡಿದ್ದೆ, ಸುತ್ತ ಏನು ಬರೆದಿದೆ ಎಂದು ನೋಡಿರಲಿಲ್ಲ. ಅದರ ಯಥಾಪ್ರತಿ ಹೀಗಿದೆ:

"ಕಾಲಲ್ಲಿ ತುಳಿಯುವ ಹಳೆಯ ಯಂತ್ರ ಇದ್ದರೆ ನನ್ನ ಹತ್ತಿರ ತರಬೇಡಿ, ಎದುರು ಅಂಗಡಿಗೆ ಹೋಗಿ. ಅಲ್ಲಿ ಕೂತಿರುವವನು ನನ್ನ ತಮ್ಮ. ನನ್ನನ್ನು ಮೂವತ್ತೊಂದು ಸಲ ಬೈದಿದ್ದಾನೆ, ಎಲ್ಲವನ್ನೂ ಓದಿದ್ದೇನೆ. ಸ್ಕ್ರೂ ವಿಷಯ ನಿಜ. ಯಂತ್ರದ ಮೇಲೆ ಅವನಿಗಿರುವಷ್ಟು ಪ್ರೀತಿ ನಾನು ಬೇರೆ ಯಾರಲ್ಲೂ ಕಂಡಿಲ್ಲ."

ಆದ್ದರಿಂದ (ಅ), (ಆ), (ಇ) ಕೋರಿಕೆಗಳನ್ನು ಈ ಮೂಲಕ ಹಿಂಪಡೆಯಲಾಗಿದೆ. ತಿದ್ದಿದ್ದನ್ನೆಲ್ಲ ಮೊದಲಿದ್ದಂತೆಯೇ ಮಾಡಿದ್ದೇನೆ. ಭಾನುವಾರ ಅಮ್ಮನ ಎದುರು ಯಾವ ಬೈಗುಳದಿಂದ ಓದಲು ಶುರು ಮಾಡಬೇಕು, ನಡುವೆ ನಾನು ಮತ್ತೆ ಮೇಜಿನ ಕೆಳಗೆ ಹೋದರೆ ಉಳಿದದ್ದನ್ನು ಅಣ್ಣನೇ ಓದಬಹುದೇ ಎಂಬ ಬಗ್ಗೆ ಮಾತ್ರ ಶನಿವಾರದೊಳಗೆ ಸೂಕ್ತ ಆದೇಶ ಹೊರಡಿಸಬೇಕಾಗಿ ವಿನಂತಿ.